ಒಳಗಿನ ಮಿಸ್ತ್ರಿ ಘಾಟ್ ಹತ್ತಿದ ಬೆಳಗು

ಪುಣೆಯ ನಾನಾ ಪೇಠೆಯಲ್ಲಿ ಟಾಂಗಾಗಳು ಇನ್ನೂ ಹೊರಟಿಲ್ಲ. ನಲ್ಲಿಯ ಮುಂದೆ ಕೊಡಗಳ ಜಗಳವೂ ಶುರುವಾಗಿಲ್ಲ. ಫಕೀರಪ್ಪ ಮಿಸ್ತ್ರಿಯ ಗ್ಯಾರೇಜಿನ ಹಿಂದಿನ ಅಂಗಳದಲ್ಲಿ ಅವರ ಹೆಂಡತಿ ಕಲ್ಲವ್ವ ಕಡೆಯ ರೊಟ್ಟಿಯನ್ನು ಹೆಂಚಿನಿಂದ ಎತ್ತಿ ಬುಟ್ಟಿಗೆ ಹಾಕುತ್ತಾರೆ. ಆಮೇಲೆ ಉರಿಯುವ ಒಲೆಗೆ ಚೊಂಬು ನೀರು ಸುರಿದು, ಬೂದಿಯೊಳಗೆ ಕೈಯಾಡಿಸಿ, ಒಂದು ಕಿಡಿಯೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಈ ಮನೆಯಲ್ಲಿ ಒಲೆ ಆರಿದ ಮೇಲೇ ಪೆಟ್ರೋಲು ಮುಟ್ಟುವುದು. ಬೆಸುಗೆಯ ಕೆಲಸವಿದ್ದರೆ ಅದು ರೊಟ್ಟಿಯ ಜೊತೆಗೇ ಮುಗಿಯಬೇಕು. ಕಾಯಿಸುವ ಕಬ್ಬಿಣಕ್ಕೂ ಹೆಂಚಿಗೂ ಉರಿ ಒಂದೇ.

ಕೈ ತೊಳೆದುಕೊಂಡು, ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಪರಾತವೆಂಬ ಅಗಲ ತಟ್ಟೆಯಲ್ಲಿ ಹರವಿಟ್ಟ ಹಿತ್ತಾಳೆಯ ತುಣುಕುಗಳ ಮುಂದೆ ಕೂರುತ್ತಾರೆ. ಅದು ಒಂದು ಹಳೆಯ ಫಟಫಟಿಯ, ಅಂದರೆ ಮೋಟಾರ್‌ಸೈಕಲ್ಲಿನ, ಕಾರ್ಬುರೇಟರ್. ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಬೆರೆಸಿ ಎಂಜಿನ್ನಿಗೆ ಉಣಿಸುವ ಮುಷ್ಟಿಗಾತ್ರದ ಸಾಧನ. ಇದರ ಮಾಲೀಕ ಪ್ರಲ್ಹಾದ ಹೊರಗೆ ಗ್ಯಾರೇಜಿನ ಕಟ್ಟೆಯ ಮೇಲೆ ತಲೆಗೆ ಕೈಕೊಟ್ಟು ಕೂತಿದ್ದಾನೆ. ಸೈಡ್‌ಕಾರಿನಲ್ಲಿ ದಿನಪತ್ರಿಕೆಯ ಕಟ್ಟುಗಳನ್ನು ತುಂಬಿಕೊಂಡು ಕಾತ್ರಜ ಘಾಟ್ ದಾಟಿ ಶಿರವಳದವರೆಗೆ ಮುಟ್ಟಿಸುವುದು ಅವನ ಕೆಲಸ. ಈಚೆಗೆ ಗಾಡಿ ಎರಡು ಸಲ ಘಾಟಿನ ನಡುವೆಯೇ ನಿಂತು, ಊರುಗಳಿಗೆ ಹಳಸಲು ಸುದ್ದಿ ಹೋಗಿದೆ. ಇವತ್ತೂ ನಿಂತರೆ ನಾಳೆಯಿಂದ ಕಟ್ಟುಗಳು ಜನ ಸಾಗಿಸುವ ಸರ್ವಿಸ್ ಮೋಟಾರಿನಲ್ಲಿ ಹೋಗುತ್ತವೆ ಎಂದು ಪತ್ರಿಕೆಯವರು ಹೇಳಿಬಿಟ್ಟಿದ್ದಾರೆ. ಪ್ರಲ್ಹಾದನ ಅನ್ನ ಈ ಪರಾತದಲ್ಲಿದೆ.

ನಾನಾ ಪೇಠೆಯಿಂದ ದೇಹೂ ರೋಡಿನ ಫೌಜಿನವರ ತನಕ ಎಲ್ಲರಿಗೂ ಫಕೀರಪ್ಪ ಗೊತ್ತು. ಪಿಸ್ಟನ್ನು, ವಾಲ್ವು, ಚೈನು ಎಲ್ಲವನ್ನೂ ಅವರು ಅಂಗಡಿಯ ಬಾಗಿಲಲ್ಲೇ, ಎಲ್ಲರೆದುರೇ ಬಿಚ್ಚುತ್ತಾರೆ. ಕಾರ್ಬುರೇಟರ್ ಬಂದರೆ ಮಾತ್ರ ಚಿಂದಿಯಲ್ಲಿ ಸುತ್ತಿ, "ಇದನ್ನ ಒಳಗ ಮಾಡಸ್ತೀನಿ, ನಾಳೆ ಬರ್ರಿ" ಎನ್ನುತ್ತಾರೆ. ಒಳಗೆ ಏನಿದೆ ಎನ್ನುವುದಕ್ಕೆ ಪೇಠೆಯಲ್ಲಿ ಹತ್ತಾರು ಕತೆಗಳು. ವಿಲಾಯತಿ ಮಶೀನೊಂದಿದೆ ಎಂದು ಕೆಲವರು. ಫೌಜಿನಿಂದ ಓಡಿಬಂದ ಒಬ್ಬ ಮಿಸ್ತ್ರಿಯನ್ನು ಬಚ್ಚಿಟ್ಟಿದ್ದಾರೆ, ರಾತ್ರಿ ಮಾತ್ರ ಹೊರಗೆ ಬರುತ್ತಾನೆ ಎಂದು ಇನ್ನು ಕೆಲವರು. ಅಂತೂ ಅವನಿಗೆ 'ಒಳಗಿನ ಮಿಸ್ತ್ರಿ' ಎಂಬ ಹೆಸರು ನಿಂತುಬಿಟ್ಟಿದೆ. ಎಲೆಮರೆಯ ಕಾಯಿ ಎನ್ನುವುದುಂಟು. ಇದು ಹಳೆಯ ಸೀರೆಯ ಪರದೆಯ ಹಿಂದಿನ ಕಾಯಿ. ಗಿರಾಕಿ ಯಾರಾದರೂ ಪರದೆಯತ್ತ ಬಾಗಿ ಏನಾದರೂ ಕೇಳಿದರೆ ಕಲ್ಲವ್ವನ ಉತ್ತರ ಒಂದೇ: "ಇವರನ್ನ ಕೇಳ್ರಿ."

ಕಲ್ಲವ್ವ ಗೋಕಾಕದ ಕಡೆಯ ಕಂಚುಗಾರರ ಮಗಳು. ಅಪ್ಪ ಕೊಡ, ತಂಬಿಗೆ, ಪರಾತ ಬಡಿಯುತ್ತಿದ್ದರು. ಬಡಿದು ಮುಗಿದ ಪಾತ್ರೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಮಗಳ ಕಿವಿಗೆ ಹಿಡಿಯುತ್ತಿದ್ದರು. ನಾದ ತುಂಬಿ ಬಂದರೆ ಪಾತ್ರೆ ಸಂತೆಗೆ. ಎಲ್ಲಾದರೂ ಕೂದಲೆಳೆಯಷ್ಟು ಬಿರುಕಿದ್ದರೆ ನಾದ ತಟ್ಟನೆ ಸಾಯುತ್ತದೆ. ಕಣ್ಣಿಗೆ ಕಾಣದ ಆ ಬಿರುಕನ್ನು ಹುಡುಗಿಯ ಕಿವಿ ಹಿಡಿಯುತ್ತಿತ್ತು. ಮದುವೆಯಾಗಿ ಪುಣೆಗೆ ಬಂದಾಗ ಫಕೀರಪ್ಪ ಕ್ಯಾಂಪಿನಲ್ಲಿ ಒಬ್ಬ ಸಾಹೇಬರ ಮೋಟಾರು ತೊಳೆಯುತ್ತಿದ್ದರು. ನೋಡುತ್ತ ನೋಡುತ್ತ ಕೆಲಸ ಕಲಿತು ಸ್ವಂತ ಗ್ಯಾರೇಜು ಹಾಕಿದರು. ಕಾರ್ಬುರೇಟರ್ ಒಂದೇ ಅವರ ಕೈಗೆ ಒಗ್ಗಲಿಲ್ಲ.

"ಇವರ ಬೆರಳು ನೋಡ್ರಿ, ಬಾಳೀಕಾಯಿ ಹಾಂಗ ಅವ. ಅಷ್ಟು ಸಣ್ಣ ಸಾಮಾನು ಹೆಂಗ ಹಿಡೀಬೇಕು?" ಎಂದು ಕಲ್ಲವ್ವ ನಗುತ್ತಾರೆ. "ಒಂದ ದಿನ ಸಿಟ್ಟಿಗೆದ್ದು ಒಂದು ಹಿತ್ತಾಳಿ ಡಬ್ಬಿ ಅಂಗಳಕ್ಕ ಒಗದ್ರು. ತೂತ ಬಿದ್ದದ, ಕೆಲಸಕ್ಕ ಬರೂದಿಲ್ಲ ಅಂದ್ರು. ನಾ ಎತ್ತಿ ನೋಡಿದ್ನಿ. ಸಣ್ಣ ಗಿಂಡಿ ಇದ್ದಾಂಗ ಇತ್ತು. ತೂತ ಬಿದ್ದ ಗಿಂಡಿ ನಮ್ಮಪ್ಪನ ಮನ್ಯಾಗ ಯಾರೂ ಒಗದಿದ್ದಿಲ್ಲ ನೋಡ್ರಿ."

ಆ ಡಬ್ಬಿಯೇ ಫ್ಲೋಟ್. ಕಾರ್ಬುರೇಟರಿನ ಬಟ್ಟಲಿನಲ್ಲಿ ಪೆಟ್ರೋಲಿನ ಮೇಲೆ ತೇಲುವ ಟೊಳ್ಳು ಹಿತ್ತಾಳೆ. ಪೆಟ್ರೋಲು ಏರಿದಂತೆ ತಾನೂ ಏರಿ ಪೆಟ್ರೋಲು ಒಳಬರುವ ಬಾಗಿಲು ಮುಚ್ಚುತ್ತದೆ, ಇಳಿದಾಗ ತೆರೆಯುತ್ತದೆ. ಅದನ್ನು ಕಿವಿಯ ಹತ್ತಿರ ಅಲುಗಿಸಿ, ಒಳಗೆ ಪೆಟ್ರೋಲು ಸೇರಿದೆಯೋ ಇಲ್ಲವೋ ಎಂದು ಕಲ್ಲವ್ವ ಹೇಳಿಬಿಡುತ್ತಾರೆ. ಸಂಶಯವಿದ್ದರೆ ಬಿಸಿನೀರಿನಲ್ಲಿ ಮುಳುಗಿಸುತ್ತಾರೆ. ಗುಳ್ಳೆ ಎದ್ದ ಜಾಗವೇ ತೂತು. ಅವತ್ತು ಶುರುವಾದ ಕೆಲಸ ಇವತ್ತಿಗೂ ನಿಂತಿಲ್ಲ. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ಕಾರ್ಬುರೇಟರ್ ಅವರ ಪರಾತಕ್ಕೆ ಬರುತ್ತವೆ. ಮಹಾಯುದ್ಧ ಮುಗಿದು ವರ್ಷ ಕಳೆದರೂ ವಿಲಾಯತಿನಿಂದ ಹಡಗಿನಲ್ಲಿ ಬಿಡಿಭಾಗಗಳು ಬರುವುದು ಅಷ್ಟಕ್ಕಷ್ಟೆ. ಹೊಸದು ಸಿಗದಿದ್ದರೆ ಹಳೆಯದನ್ನೇ ಎಬ್ಬಿಸಬೇಕು.

ಎಬ್ಬಿಸುವ ರೀತಿ ನೋಡಿದರೆ ಮೂಗಿನ ಮೇಲೆ ಬೆರಳಿಡಬೇಕು. ಪೆಟ್ರೋಲು ಚಿಮ್ಮುವ ತೂತು ಎಳ್ಳಿನ ಮೂತಿಗಿಂತ ಸಣ್ಣದು. ಅದರಲ್ಲಿ ಕಸ ಕೂತರೆ ಬೇರೆಯವರು ತಂತಿ ಹಾಕಿ ಚುಚ್ಚುತ್ತಾರೆ, ತೂತು ದೊಡ್ಡದಾಗಿ ಗಾಡಿ ಕೆಡುತ್ತದೆ. ಕಲ್ಲವ್ವ ಬಳಸುವುದು ಟಾಂಗಾ ಕುದುರೆಯ ಬಾಲದ ಕೂದಲು. ಗಾಳಿಯನ್ನು ಹಿಡಿದು ಬಿಡುವ ಉರುಟು ಮುಚ್ಚಳ ಸವೆದು ಸಡಿಲಾಗಿದ್ದರೆ ಅದಕ್ಕೆ, ಅಡುಗೆಯ ಪಾತ್ರೆಗೆ ಮಾಡುವ ಹಾಗೆಯೇ, ಕಲಾಯಿ ಮಾಡುತ್ತಾರೆ. ಆಮೇಲೆ ಒಲೆಯ ನುಣುಪು ಬೂದಿ, ಹರಳೆಣ್ಣೆ ಹಚ್ಚಿ, ಅದರ ಮನೆಯಲ್ಲಿ ಅದು ನುಣ್ಣಗೆ ಓಡಾಡುವ ತನಕ ತಿಕ್ಕುತ್ತಾರೆ. ಗೋಕಾಕದ ಕಡೆಯ ಒಬ್ಬ ಕಂಚುಗಾರನ ಕೊಟ್ಟಿಗೆಯ ವಿದ್ಯೆ ವಿಲಾಯತಿ ಗಾಡಿಯ ಉಸಿರು ತಿದ್ದುತ್ತದೆ ಎಂದರೆ ಮೈ ಜುಮ್ಮೆನ್ನುವುದಿಲ್ಲವೆ?

ಎಲ್ಲಕ್ಕಿಂತ ದೊಡ್ಡದು ಅವರ ಕಿವಿ. ಜೋಡಿಸಿ ಮುಗಿದ ಮೇಲೆ ಫಕೀರಪ್ಪ ಹೊರಗೆ ಗಾಡಿ ಒದ್ದು ಶುರು ಮಾಡುತ್ತಾರೆ. ಕಲ್ಲವ್ವ ಪರದೆಯ ಹಿಂದೆ ನಿಂತು ಕೇಳುತ್ತಾರೆ. ಪರದೆ ಒಮ್ಮೆ ಅಲುಗಿದರೆ ಗಾಳಿಯ ತಿರುಪು ಬಿಗಿಸಬೇಕು, ಎರಡು ಸಲ ಅಲುಗಿದರೆ ಸಡಿಲಿಸಬೇಕು. ಅಲುಗದಿದ್ದರೆ ಕೆಲಸ ಮುಗಿಯಿತು. ಗಿರಾಕಿಗಳು ಗಾಳಿಗೆ ಪರದೆ ಅಲುಗಿತೆಂದುಕೊಂಡಿದ್ದಾರೆ.

"ಗಾಡಿ ಅಂದ್ರ ಮನಷ್ಯಾ ಇದ್ದಾಂಗರಿ. ಹಸದ್ರ ಸೀನತದ. ಹೆಚ್ಚ ಉಂಡ್ರ ತೇಗತದ. ಸರಿ ಉಂಡಿದ್ರ ಸುಮ್ಮನ ತನ್ನ ಕೆಲಸ ಮಾಡತದ. ಅಷ್ಟ ತಿಳ್ಕೊಂಡ್ರ ಆತು, ಭಾಳ ಏನಿಲ್ಲ" ಎನ್ನುತ್ತಾರೆ. ಅಷ್ಟನ್ನೇ ತಿಳಿದುಕೊಳ್ಳಲು ಪುಣೆಯ ಉಳಿದ ಮಿಸ್ತ್ರಿಗಳಿಗೆ ಈ ಜನ್ಮ ಸಾಲದೇನೋ.

ಇಂಥ ಕೈ ಪ್ರಲ್ಹಾದನ ಗಾಡಿಯಲ್ಲಿ ಎಡವಿತು.

ಅವನ ಗಾಡಿಯ ಫ್ಲೋಟು ಹೊಲಿಗೆಯುದ್ದಕ್ಕೂ ಸೀಳಿತ್ತು. ಘಾಟಿನ ದಾರಿ, ಕುಲುಕಾಟ ಜಾಸ್ತಿ, ಮತ್ತೆ ಬಿಡಬಾರದು ಎಂದು ಕಲ್ಲವ್ವ ಸುತ್ತಲೂ ಧಾರಾಳವಾಗಿ ಬೆಸುಗೆ ಹಾಕಿದರು. ಅಪ್ಪನ ಮನೆಯಲ್ಲಿ ಬೆಸುಗೆಗೆ ಜಿಪುಣತನ ಮಾಡಿದರೆ ಬೈಗುಳ ಕಾದಿರುತ್ತಿತ್ತು. ಕೊಡಕ್ಕೆ ಅದು ಸರಿ. ಗಟ್ಟಿಯಾದಷ್ಟೂ ಒಳ್ಳೆಯದು. ಗಾಡಿ ನಾನಾ ಪೇಠೆಯ ಸಪಾಟು ಬೀದಿಯಲ್ಲಿ ಚಿನ್ನದಂತೆ ಓಡಿತು. ಪರದೆ ಅಲುಗಲಿಲ್ಲ. ಮರುದಿನ ಬೆಳಿಗ್ಗೆ ಘಾಟಿನ ಅರ್ಧದಲ್ಲಿ ಕಪ್ಪು ಹೊಗೆ ಕಾರಿ ನಿಂತಿತು. ಏರಿನಲ್ಲಿ ಗಾಡಿಗೆ ಹಸಿವಾಗಿರಬೇಕು ಎಂದು ಫಕೀರಪ್ಪ, ಇನ್ನಷ್ಟು ಪೆಟ್ರೋಲು ಹೋಗಲೆಂದು ಅದರ ಅಳತೆ ಹಿಡಿಯುವ ಸೂಜಿಯನ್ನು ಒಂದು ಗೀರು ಎತ್ತಿ ಕಳಿಸಿದರು. ಎರಡನೆಯ ಸಲ ಇನ್ನೂ ಮೊದಲೇ ನಿಂತಿತು.

ಎತ್ತಿನ ಗಾಡಿಗೆ ಕಟ್ಟಿಸಿ ಎಳೆದುಕೊಂಡು ಬಂದ ಪ್ರಲ್ಹಾದ ಗ್ಯಾರೇಜಿನ ಮುಂದೆ ಕೂಗಾಡಿದ. ನಿಪ್ಪಾಣಿಯ ಹುಡುಗ, ಫಕೀರಪ್ಪನನ್ನು ಕಾಕಾ ಎಂದೇ ಕರೆಯುವವ. ಅವತ್ತು ಮಾತ್ರ ಬೀದಿಯ ಜನ ಸೇರುವಂತೆ, "ಕಾಕಾ, ನಿಮ್ಮ ಕೈಗುಣ ಮುಗೀತು! ಈ ಗಾಡಿ ಜೂನಾ ಬಜಾರಕ್ಕ ಒಯ್ದು ಗುಜರಿಗೆ ಹಾಕ್ತೀನಿ" ಎಂದ. ಫಕೀರಪ್ಪ ತಲೆ ತಗ್ಗಿಸಿ, "ತಪ್ಪಾತಪ್ಪಾ, ನನ್ನ ತಪ್ಪು" ಎನ್ನುತ್ತ ನಿಂತರು.

ಆಗ ಪರದೆ ಸರಿಯಿತು. ಇಷ್ಟು ವರ್ಷ ಗಾಳಿಗೆ ಅಲುಗಿದ್ದ ಪರದೆಯನ್ನು ಕಲ್ಲವ್ವ ಪೂರಾ ಬದಿಗೆ ತಳ್ಳಿ ಹೊಸಲು ದಾಟಿದರು.

"ಅವರನ್ನ ಬೈಬ್ಯಾಡ ಪ್ರಲ್ಹಾದ. ಆ ಡಬ್ಬಿ ಬೆಸದಾಕಿ ನಾನು. ತಪ್ಪಿದ್ರ ನಂದದ."

ಪ್ರಲ್ಹಾದ ಅವರನ್ನೂ ಸರಿದ ಪರದೆಯನ್ನೂ ನೋಡಿದ. "ಕಾಕೂ, ನೀವ? ಹಂಗಾರ ಒಳಗಿನ ಮಿಸ್ತ್ರಿ...?"

"ಒಳಗ ಬ್ಯಾರೆ ಯಾರೂ ಇಲ್ಲಪಾ. ಅದಿರಲಿ, ಗಾಡಿ ನಿಲ್ಲಾಕ ಮೊದಲ ಹ್ಯಾಂಗ ಸಪ್ಪಳ ಮಾಡಿತು? ಮಾಡಿ ತೋರಸು."

ಸಿಟ್ಟಿಗೆ ಬಂದವನು ನಾಲ್ಕು ಜನರೆದುರು ಫಟಫಟಿಯಾಗಿ ಕೂಗಬೇಕಾಯಿತು. ಮೊದಲು ಡಬ ಡಬ ಡಬ. ಆಮೇಲೆ ಡಬ್... ಭುಗ್... ಡಬ್... ಭುಗ್. ಬೀದಿಯವರು ನಕ್ಕರು. ಕಲ್ಲವ್ವ ನಗಲಿಲ್ಲ. ಕಣ್ಣು ಮುಚ್ಚಿ ಕೇಳಿದರು, ಇನ್ನೊಮ್ಮೆ ಮಾಡಿಸಿದರು. "ಇದು ಹಸಿವಲ್ಲ. ಅಜೀರ್ಣ" ಎಂದರು.

ಒಳಗೆ ಹೋಗಿ ಲೋಟದ ತುಂಬ ನೀರು ತಂದು, ಘಾಟಿನ ಏರು ಎಷ್ಟಿದೆ, ಕೈಯಲ್ಲಿ ತೋರಿಸು ಎಂದರು. ಪ್ರಲ್ಹಾದ ಅಂಗೈ ಓರೆ ಮಾಡಿದ. ಅದೇ ಓರೆಗೆ ಲೋಟ ಬಗ್ಗಿಸಿದರು. ನೀರು ಹಿಂದಿನ ಅಂಚಿನಿಂದ ತುಳುಕಿತು. ಅವನ ಗಾಡಿಯ ಕಾರ್ಬುರೇಟರಿನಲ್ಲಿ ಪೆಟ್ರೋಲು ನಿಲ್ಲುವ ಬಟ್ಟಲು ಮುಂದಿದೆ, ಎಂಜಿನ್ನಿಗೆ ಚಿಮ್ಮುವ ತೂತು ಹಿಂದಿದೆ. ಬೆಸುಗೆಯ ಭಾರಕ್ಕೆ ಫ್ಲೋಟು ಆಳಕ್ಕೆ ಕೂತು, ಬಾಗಿಲು ತಡವಾಗಿ ಮುಚ್ಚಿ, ಬಟ್ಟಲು ಅಂಚಿನ ತನಕ ತುಂಬಿತ್ತು. ಸಪಾಟಿನಲ್ಲಿ ಅದು ನಡೆದೀತು. ಏರಿನಲ್ಲಿ ಮುಂದಿನ ಬಟ್ಟಲು ಮೇಲೆದ್ದಾಗ ಪೆಟ್ರೋಲು ಹಿಂದಕ್ಕೆ ತುಳುಕಿ ಎಂಜಿನ್ನಿನ ಗಂಟಲು ಕಟ್ಟಿತ್ತು. ಘಾಟನ್ನು ಒಮ್ಮೆಯೂ ನೋಡದ ಹೆಂಗಸು ಗ್ಯಾರೇಜಿನ ಮುಂದೆ ನಿಂತು ಒಂದು ಲೋಟ ನೀರಿನಲ್ಲಿ ಘಾಟನ್ನು ಹತ್ತಿ ಇಳಿದಿದ್ದರು.

"ಕೊಡ ಬ್ಯಾರೆ, ಇದು ಬ್ಯಾರೆ. ನಾ ಇದಕ್ಕ ಕೊಡದ ಬೆಸಗಿ ಹಾಕಿದ್ನಿ. ಪ್ರೀತಿ ಹೆಚ್ಚಾಗಿ ಮುಳುಗಿಸಿದ್ನಿ ನೋಡ್ರಿ" ಎಂದು ಕಲ್ಲವ್ವ ಇವತ್ತು ಹೇಳುವಾಗ ದನಿ ಸಣ್ಣಗಾಗುತ್ತದೆ.

ಹಳೆಯ ಫ್ಲೋಟಿನ ಬೆಸುಗೆಯನ್ನೆಲ್ಲ ಕರಗಿಸಿ ತೆಗೆದರು. ಕಸಬಾ ಪೇಠೆಯಲ್ಲಿ ತಾಮ್ರದ ಕೆಲಸದ ತಾಂಬಟರ ಓಣಿಯಿಂದ ಫಕೀರಪ್ಪ ಎಲೆಯಷ್ಟು ತೆಳು ಹಿತ್ತಾಳೆ ತಗಡು ತಂದರು, ಪಕ್ಕದ ಅಕ್ಕಸಾಲಿಗರಿಂದ ಚಿನ್ನ ತೂಗುವ ತಕ್ಕಡಿ ಕೇಳಿ ತಂದರು. ಹಳೆಯ ಸೀಳಿದ ಡಬ್ಬಿ ಒಂದು ತಟ್ಟೆಯಲ್ಲಿ, ಹೊಸದಾಗಿ ಬಡಿದದ್ದು ಇನ್ನೊಂದು ತಟ್ಟೆಯಲ್ಲಿ. ಒಂದು ಗುಲಗಂಜಿಯಷ್ಟು ಹೆಚ್ಚಾದರೂ ಅರದಿಂದ ಉಜ್ಜುವುದು, ಮತ್ತೆ ತೂಗುವುದು. ಮುಳ್ಳು ನಡುವಿಗೆ ಬಂದು ನಿಂತದ್ದು ನಿನ್ನೆ ಸಂಜೆ.

ಇವತ್ತು ಬೆಳಿಗ್ಗೆ ಅದನ್ನೇ ಜೋಡಿಸುತ್ತಿದ್ದಾರೆ. ಕಡೆಯ ತಿರುಪು ಬಿಗಿದು, ಕಾರ್ಬುರೇಟರನ್ನು ತಾವೇ ಹೊರಗೆ ತಂದು, ತಾವೇ ಗಾಡಿಗೆ ಕೂಡಿಸುತ್ತಾರೆ. ಎಂಜಿನ್ ಒಂದೇ ಒದೆತಕ್ಕೆ ಏಳುತ್ತದೆ. ಆದರೂ ಕಲ್ಲವ್ವನ ಮುಖ ಅರಳುವುದಿಲ್ಲ.

"ಇಲ್ಲಿ ಹೋದ ಸಲಾನೂ ಚಲೋನ ಇತ್ತು. ಘಾಟ ಇಲ್ಲಿಗೆ ಬರೂದಿಲ್ಲ. ನಾನ ಅಲ್ಲಿಗೆ ಹೋಗಬೇಕು" ಎನ್ನುತ್ತಾರೆ.

ಫಕೀರಪ್ಪ ಹೆಂಡತಿಯ ಮುಖ ನೋಡುತ್ತಾರೆ, ಬೀದಿಯ ಕಡೆಗೆ ನೋಡುತ್ತಾರೆ. ಆಮೇಲೆ ಒಂದು ಸ್ಪ್ಯಾನರು, ಒಂದು ತಿರುಪುಳಿ ಚಿಂದಿಯಲ್ಲಿ ಸುತ್ತಿ ಆಕೆಯ ಕೈಗೆ ಕೊಟ್ಟು, "ಗಟ್ಟಿ ಹಿಡ್ಕೊಂಡು ಕೂಡು" ಎಂದಷ್ಟೇ ಹೇಳುತ್ತಾರೆ. ಸ್ವಾರಗೇಟ್ ನಾಕಾದಲ್ಲಿ ಕಟ್ಟುಗಳು ಏರುತ್ತವೆ. ಸೈಡ್‌ಕಾರಿನಲ್ಲಿ ಕಾಲ ಬಳಿ ಪತ್ರಿಕೆ, ಬೆನ್ನ ಹಿಂದೆ ಪತ್ರಿಕೆ, ಮಡಿಲಲ್ಲೂ ಪತ್ರಿಕೆ. ನಡುವೆ ಇಳಕಲ್ ಸೀರೆಯ ಕಲ್ಲವ್ವ, ತಲೆಯ ಮೇಲಿನ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು. ಹಾಲು ಮಾರುವವರು ಸೈಕಲ್ ನಿಲ್ಲಿಸಿ ನೋಡುತ್ತಾರೆ.

ಘಾಟಿನ ಮೊದಲ ತಿರುವು ಸಲೀಸು. ಎರಡನೆಯದಕ್ಕೂ ತೊಂದರೆಯಿಲ್ಲ. ಗಾಡಿ ಎರಡು ಸಲ ನಿಂತಿದ್ದ ಜಾಗಗಳು ಹತ್ತಿರ ಬಂದಂತೆ ಪ್ರಲ್ಹಾದನ ಭುಜಗಳು ಕಿವಿಯ ತನಕ ಏರುತ್ತವೆ. ಡಬ ಡಬ ಡಬ... ಭುಗ್. ಒಂದೇ ಒಂದು ಸಲ. ಪ್ರಲ್ಹಾದನಿಗೆ ಅದು ಕೇಳಿಸಿಯೂ ಇಲ್ಲ. ಕಲ್ಲವ್ವ ಕೈಯೆತ್ತಿ, "ನಿಲ್ಲಸು!" ಎಂದು ಕೂಗುತ್ತಾರೆ.

"ಕಾಕೂ, ಇಲ್ಲಿ ನಿಲ್ಲಿಸಿದ್ರ ಮತ್ತ ಏಳೂದಿಲ್ಲ! ಹೊತ್ತಾಗೇದ!"

"ನಿಲ್ಲಸಂದ್ನಿ!"

ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುತ್ತಾನೆ. ಕಲ್ಲವ್ವ ಇಳಿದು ಪೆಟ್ರೋಲಿನ ನಲ್ಲಿ ಮುಚ್ಚಿ, ಬಟ್ಟಲು ತೆರೆದು ನೋಡುತ್ತಾರೆ. ಏರಿನಲ್ಲೂ ಪೆಟ್ರೋಲು ಎಲ್ಲಿರಬೇಕೋ ಅಲ್ಲೇ ಇದೆ. ಫ್ಲೋಟು ಸುಳ್ಳು ಹೇಳುತ್ತಿಲ್ಲ. ಹಾಗಾದರೆ ತೇಗು ಎಲ್ಲಿಯದು? ಮೇಲಿನ ಮುಚ್ಚಳ ಬಿಚ್ಚಿ ಸೂಜಿಯನ್ನು ಹೊರಗೆಳೆಯುತ್ತಾರೆ. ಹೆಬ್ಬೆರಳ ಉಗುರಿನಿಂದ ಗೀರುಗಳನ್ನು ಮುಟ್ಟುತ್ತಾ ಹೋಗಿ, ಇದ್ದಕ್ಕಿದ್ದಂತೆ ಫಕ್ಕನೆ ನಕ್ಕುಬಿಡುತ್ತಾರೆ. ಹಸಿವಾಗಿದೆಯೆಂದು ಗಂಡ ಎತ್ತಿದ್ದ ಗೀರು ಹಾಗೇ ಉಳಿದಿದೆ. ಬಟ್ಟಲಿನ ಚಿಂತೆಯಲ್ಲಿ ತಾವೂ ಅದನ್ನು ನೋಡಿಲ್ಲ.

"ಗಂಡಾ ಹೇಂತಿ ಇಬ್ರೂ ಕೂಡಿ ಈ ಬಡಪಾಯಿಗೆ ತುರುಕಿದ್ದ ತುರುಕಿದ್ದು! ಒಬ್ಬರರ ಉಪಾಸ ಕೆಡವಿದ್ರ ಆಗತಿತ್ತು" ಎನ್ನುತ್ತ, ಸೂಜಿಯನ್ನು ಒಂದು ಗೀರು ಇಳಿಸಿ ಕೂಡಿಸುತ್ತಾರೆ. ಪೂರ್ವದಲ್ಲಿ ಬೆಳಕು ಹರಿದಿದೆ. ಪ್ರಲ್ಹಾದ ಒದೆಯುತ್ತಾನೆ. ಏಳುವುದಿಲ್ಲ. ಇನ್ನೊಮ್ಮೆ ಒದೆಯುತ್ತಾನೆ. ಕಲ್ಲವ್ವ ಅವನ ಮಣಿಕಟ್ಟು ಹಿಡಿದು, "ಅವಸರ ಮಾಡಬ್ಯಾಡ. ಅದಕ್ಕ ಉಸಿರಾಡಾಕ ಬಿಡು" ಎನ್ನುತ್ತಾರೆ. ಮೂರನೆಯದಕ್ಕೆ ಎಂಜಿನ್ ಏಳುತ್ತದೆ, ಚಕ್ರದ ಕಲ್ಲನ್ನು ಕಾಲಿಂದ ತಳ್ಳಿ ಕಲ್ಲವ್ವ ಸೈಡ್‌ಕಾರಿಗೆ ಹಾರಿ ಕೂರುತ್ತಾರೆ. ನಿಂತ ಏರಿನಿಂದಲೇ, ಇಷ್ಟು ಭಾರ ಹೊತ್ತು, ಗಾಡಿ ಹೊರಡುತ್ತದೆ. ಆಮೇಲೆ ಒಂದು ತಿರುವಿನಲ್ಲೂ ತೇಗಿಲ್ಲ, ಸೀನಿಲ್ಲ.

ಘಾಟಿನ ನೆತ್ತಿಯಲ್ಲಿ ಸುರಂಗವಿದೆ. ಅದರೊಳಗೆ ಹೊಕ್ಕ ಕೂಡಲೇ ಸದ್ದು ನಾಲ್ಕೂ ಕಡೆಯಿಂದ ಮರಳಿ ಬರುತ್ತದೆ. ಕಲ್ಲವ್ವ ಹಲ್ಲಿನಿಂದ ಸೆರಗು ಬಿಡುತ್ತಾರೆ. ಅಪ್ಪ ತಟ್ಟಿ ಕಿವಿಗೆ ಹಿಡಿದ ದೊಡ್ಡ ಕೊಡದೊಳಗೆ ತಾವೇ ಕೂತ ಹಾಗೆ. ಈ ತುದಿಯಿಂದ ಆ ತುದಿಯ ತನಕ ನಾದ ತುಂಬಿ ಬರುತ್ತದೆ, ಎಲ್ಲಿಯೂ ಸಾಯುವುದಿಲ್ಲ. ಪರದೆಯ ಹಿಂದಿನಿಂದ ಅವರು ಕೇಳಿದ ಪ್ರತಿ ಗಾಡಿಯ ಸದ್ದೂ ಬೀದಿಯ ಮೂಲೆ ತಿರುಗಿದೊಡನೆ ಇಲ್ಲವಾಗುತ್ತಿತ್ತು. ತಾನು ಮಾಡಿದ್ದು ಮುಂದೆ ಏನಾಯಿತು ಎಂದು ಇಷ್ಟು ವರ್ಷದಲ್ಲಿ ಮೊದಲ ಸಲ ಪೂರ್ತಿ ಕೇಳುತ್ತಿದ್ದಾರೆ. ಕಣ್ಣಲ್ಲಿ ನೀರು ಬರುತ್ತದೆ. ಹೊಗೆಗೆ ಎಂದು ಆಮೇಲೆ ಹೇಳುತ್ತಾರೆ. ಇವತ್ತು ಹೊಗೆಯೇ ಇರಲಿಲ್ಲ.

ಸುರಂಗದ ಆಚೆ ಬಾಯಲ್ಲಿ ಇಳಿದುಬಿಡುತ್ತಾರೆ. "ಇಳಿಜಾರಿಗೆ ನನ್ನ ಕೆಲಸಿಲ್ಲ. ನೀ ಪೇಪರ್ ಮುಟ್ಟಿಸಿ ಬಾ. ಬರೂ ಮುಂದ ಈ ಕಡಿ ಏರು ಹ್ಯಾಂಗ ಹತ್ತತದ, ಅದನ್ನ ಕೇಳಬೇಕು ನಾ." ಪ್ರಲ್ಹಾದ ಬಾಗಿ ಅವರ ಕಾಲು ಮುಟ್ಟಿ ಗಾಡಿ ಹತ್ತುತ್ತಾನೆ.

ಅಲ್ಲಿ ರಂಗೂಬಾಯಿ ಎಂಬ ಮುದುಕಿಯ ಚಹಾದ ಗುಡಿಸಲಿದೆ. ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ ಆಕೆ, ಕಲ್ಲವ್ವನಿಗೆ ಕೂರಲು ಗೋಣಿಚೀಲ ಹಾಸಿ, ಮರಾಠಿಯಲ್ಲಿ ಮಾತಿಗೆ ತೊಡಗುತ್ತಾರೆ. ಈ ಫಟಫಟಿ ದಿನಾ ಕೆಮ್ಮುತ್ತ ಬರುತ್ತಿತ್ತು, ಮೊನ್ನೆ ಎರಡು ಸಲ ಬರಲೇ ಇಲ್ಲ, ಇವತ್ತು ನೋಡಿದರೆ ಹೊಸ ಮದುಮಗನಂತೆ ಬಂತಲ್ಲ, ಯಾವ ಮಿಸ್ತ್ರಿಯ ಕೈ ಬಿತ್ತು ಎಂದು ಕೇಳುತ್ತಾರೆ.

ಅಭ್ಯಾಸದ ಉತ್ತರ ನಾಲಿಗೆಯ ತುದಿಗೆ ಬಂದಿದೆ. ಇವರನ್ನ ಕೇಳ್ರಿ. ಆದರೆ ಇವರು ಇಲ್ಲಿಲ್ಲ, ಪರದೆಯೂ ಇಲ್ಲ. ತಪ್ಪನ್ನು ತನ್ನದೆನ್ನಲು ಥಟ್ಟನೆ ಹೊಸಲು ದಾಟಿದವರಿಗೆ ಈ ಮಾತು ಅದಕ್ಕಿಂತ ಕಷ್ಟ. ಮಸಿ ಹಿಡಿದ ಉಗುರುಗಳನ್ನು ಸೆರಗಿನಲ್ಲಿ ಮರೆಸಹೋಗಿ, ಮತ್ತೆ ಹೊರಗೆ ತೆಗೆಯುತ್ತಾರೆ. ಕೆಳಗೆ ಇಳಿಜಾರಿನಲ್ಲಿ ಗಾಡಿಯ ಸದ್ದು ಇನ್ನೂ ಕೇಳುತ್ತಿದೆ.

"ನಾನ," ಎನ್ನುತ್ತಾರೆ.

ರಂಗೂಬಾಯಿಗೆ ಕನ್ನಡ ಬಾರದೆಂದು ಆಮೇಲೆ ನೆನಪಾಗುತ್ತದೆ. ಎದೆಯ ಮೇಲೆ ಅಂಗೈ ಇಟ್ಟು, ಈ ಸಲ ಇನ್ನಷ್ಟು ಗಟ್ಟಿಯಾಗಿ ಮರಾಠಿಯಲ್ಲಿ ಹೇಳುತ್ತಾರೆ.

"ಮೀ. ಮೀಚ ಮಿಸ್ತ್ರಿ."